ಹೊಸ ಗ್ಲೇಜ್ ಪರೀಕ್ಷೆ: ಬಾಟಲಿಯೋ, ಪುಡಿಯೋ, ಹಂಡೆ ಒಲೆಯ ಬೂದಿಯೋ?

ಹೋಮ್‌ಸ್ಟೇ ಒಂದಕ್ಕೆ ಹದಿನಾಲ್ಕು ಊಟದ ತಟ್ಟೆ ಮಾಡಿಕೊಟ್ಟಿದ್ದೆ. ಹಾಲಿನ ಕೆನೆಯಂಥ ಬಿಳಿ ಗ್ಲೇಜ್, ಅಂದರೆ ಮಣ್ಣಿನ ಪಾತ್ರೆಯ ಮೇಲೆ ಸುಟ್ಟು ಕೂರಿಸುವ ಗಾಜಿನ ಲೇಪ. ಪರೀಕ್ಷೆಗೆಂದು ಸುಟ್ಟ ಮಣ್ಣಿನ ಬಿಲ್ಲೆಯ ಮೇಲೆ ಒಂದು ಚುಕ್ಕೆಯಿಲ್ಲ, ಒಂದು ಗೆರೆಯಿಲ್ಲ. ತಿಂಗಳು ಕಳೆಯುವುದರೊಳಗೆ ಆ ಮನೆಯಾಕೆ ಒಂದು ತಟ್ಟೆಯನ್ನು ಪೇಪರಿನಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟರು. ಬಿಚ್ಚಿ ನೋಡಿದರೆ ತಟ್ಟೆ ತುಂಬ ಜೇಡರ ಬಲೆ. ಪಂದಿ ಕರಿಗೆ, ಅಂದರೆ ಹಂದಿ ಸಾರಿಗೆ, ಹಾಕುವ ಕಪ್ಪು ಹುಳಿ ಕಾಚಂಪುಳಿ ಕಣ್ಣಿಗೆ ಕಾಣದ ಬಿರುಕುಗಳಿಗೆಲ್ಲ ಇಳಿದು ಕಪ್ಪು ಗೆರೆ ಎಳೆದಿತ್ತು. "ತೊಳೆದಷ್ಟೂ ಜಾಸ್ತಿ ಕಾಣ್ತದೆ" ಅಂದರು, ಅಷ್ಟೇ. ಅದರ ಬದಲು ಜಗಳ ಮಾಡಿದ್ದರೆ ವಾಸಿಯಿತ್ತು.

ತಪ್ಪು ಗ್ಲೇಜಿನದಲ್ಲ, ನನ್ನದು. ಬಿಲ್ಲೆ ಮಾಡಿದ್ದು ಹೆಚ್ಚು ಶಾಖಕ್ಕೆ ಸುಡುವ ಬಿಳಿ ಸ್ಟೋನ್‌ವೇರ್ ಮಣ್ಣಿನಲ್ಲಿ. ಆರ್ಡರ್ ಬರುವ ಹೊತ್ತಿಗೆ ಆ ಮಣ್ಣು ಮುಗಿದಿತ್ತು, ತಟ್ಟೆ ಮಾಡಿದ್ದು ಇನ್ನೊಂದು ಕಂದು ಮಣ್ಣಿನಲ್ಲಿ. ಪಾತ್ರೆ ಸುಡುವ ಕುಲುಮೆ, ಅಂದರೆ ಕಿಲ್ನ್, ತಣಿಯುವಾಗ ಮಣ್ಣೂ ಕುಗ್ಗುತ್ತದೆ, ಮೇಲಿನ ಗಾಜೂ ಕುಗ್ಗುತ್ತದೆ. ಮಣ್ಣಿಗಿಂತ ಗಾಜು ಹೆಚ್ಚು ಕುಗ್ಗಿದರೆ ದಪ್ಪ ಮನುಷ್ಯನಿಗೆ ತೊಡಿಸಿದ ಬಿಗಿ ಅಂಗಿಯ ಹಾಗೆ ಅಲ್ಲಲ್ಲಿ ಬಿರಿಯುತ್ತದೆ. ಅದೂ ಕೆಲವು ಸಲ ಅಂದೇ ಅಲ್ಲ, ವಾರಗಳ ಮೇಲೆ. ಮಣ್ಣು ಬದಲಾದರೆ ಅದೇ ಡಬ್ಬಿಯ ಗ್ಲೇಜ್ ಬೇರೆಯೇ ಗ್ಲೇಜ್ ಎಂದು ಲೆಕ್ಕ.

ಇತ್ತೀಚೆಗೆ ನನ್ನನ್ನು ಕೇಳುತ್ತಿರುವವರು ಮೂರು ಬಗೆ. ಮನೆಯಲ್ಲೇ ಸಣ್ಣ ಕರೆಂಟ್ ಕಿಲ್ನ್ ಇಟ್ಟುಕೊಂಡು ಬಿಡುವಿನಲ್ಲಿ ಮಾಡುವವರು; ಹೋಮ್‌ಸ್ಟೇಗೋ ಕೆಫೆಗೋ ಒಂದೇ ಥರದ ಮೂವತ್ತು ನಲವತ್ತು ಪಾತ್ರೆ ಕೊಡಬೇಕಾದವರು; "ನಮ್ಮ ತೋಟದ ಬೂದಿಯಿಂದಲೇ ಬಣ್ಣ ಬರಬೇಕು" ಎಂದು ಹಟ ಹಿಡಿದವರು. ಪ್ರಶ್ನೆ ಎಲ್ಲರದ್ದೂ ಒಂದೇ, ಹೊಸ ಗ್ಲೇಜಿಗೆ ಯಾವ ದಾರಿ ಹಿಡಿಯಲಿ? ಉತ್ತರ ಮಾತ್ರ ಒಂದೇ ಅಲ್ಲ.

ಯಾವುದರಿಂದ ಅಳೆಯುವುದು

ಬಣ್ಣ ಚೆಂದವೋ ಇಲ್ಲವೋ ಎನ್ನುವುದನ್ನು ನಾನು ಕೊನೆಗೆ ಇಡುತ್ತೇನೆ. ಮೊದಲ ಪ್ರಶ್ನೆ, ಕೆಟ್ಟರೆ ಏನು ಕೆಡುತ್ತದೆ? ಬಿಲ್ಲೆ ಹೋದರೆ ಚಿಟಿಕೆ ಮಣ್ಣು ಹೋಯಿತು. ಗ್ಲೇಜ್ ಹರಿದು ಕಿಲ್ನ್ ಶೆಲ್ಫಿಗೆ ಅಂಟಿದರೆ ಉಳಿ ಸುತ್ತಿಗೆ ಹಿಡಿದು ಒಂದು ಮಧ್ಯಾಹ್ನ ಕೂರಬೇಕು. ಎರಡನೆಯದು, ಆರು ತಿಂಗಳ ಮೇಲೆ ಇದನ್ನೇ ಮತ್ತೆ ಮಾಡಲಾಗುತ್ತದೆಯೇ? ಮೂರನೆಯದು, ಎಷ್ಟು ಫೈರಿಂಗ್ ಬೇಕು, ಅಂದರೆ ಎಷ್ಟು ಸಲ ಸುಡಬೇಕು. ನಾಲ್ಕನೆಯದು ದುಡ್ಡು, ಎಷ್ಟು ಅನ್ನುವುದಕ್ಕಿಂತ ಮೊದಲೇ ಸುರಿಯಬೇಕೋ, ಸ್ವಲ್ಪ ಸ್ವಲ್ಪವೋ ಅನ್ನುವುದು ಮುಖ್ಯ. ಊಟದ ಪಾತ್ರೆಯಾದರೆ ಹುಳಿಗೆ ತಡೆಯುತ್ತದೆಯೇ ಅನ್ನುವುದು ಐದನೆಯದು.

ನಮ್ಮ ಕೊಡಗು ಜಿಲ್ಲೆಗೆ ಇನ್ನೊಂದು ಸೇರಿಸಬೇಕು, ಮಳೆ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್ ನಡುವಿನ ಜಡಿಮಳೆ ತಿಂಗಳಲ್ಲಿ, ಹಸಿ ಬಿಲ್ಲೆ ಒಣಗಲು ಹತ್ತು ದಿನ ಬೇಕೆಂದರೂ ಕಡಿಮೆಯೇ. ಒಣಗಿತು ಎಂದುಕೊಂಡು ಸುಟ್ಟರೆ ಒಳಗಿನ ನೀರು ಆವಿಯಾಗಿ ಪಟ್ಟೆಂದು ಸಿಡಿಯುತ್ತದೆ. ಹಾಗಾಗಿ ನನ್ನ ಲೆಕ್ಕ ಇಷ್ಟು. ಕಾಫಿ ಕಣದಲ್ಲಿ ಬಿಸಿಲು ಕಾಯುವ ಜನವರಿಯಿಂದ ಏಪ್ರಿಲ್‌ವರೆಗೆ ನೂರಿನ್ನೂರು ಬಿಲ್ಲೆ ಮಾಡಿ, ಸುಮಾರು 1000 ಡಿಗ್ರಿಗೆ ಬಿಸ್ಕ್ ಸುಟ್ಟು (ಗ್ಲೇಜ್ ಹಚ್ಚುವ ಮೊದಲಿನ ಸುಡುವಿಕೆ), ಡಬ್ಬಿಗೆ ತುಂಬಿಡುವುದು. ಮಳೆಗಾಲದಲ್ಲಿ ತಿಗರಿಗೆ ರಜೆ, ಗ್ಲೇಜ್ ಕಲಸುವ ಕೆಲಸ. ನನ್ನದು ಎರಡು ಹಳೇ ಬಿಸ್ಕತ್ ಟಿನ್ನು.

ಸಿದ್ಧ ಬಾಟಲಿ

ಬ್ರಷ್ಷಿನಲ್ಲಿ ಬಳಿಯುವ ಸಿದ್ಧ ಗ್ಲೇಜ್. ಸಣ್ಣ ಬಾಟಲಿ ತಂದು, ಕಲಕಿ, ಮೂರು ಕೋಟ್ ಬಳಿದರೆ ಆಯಿತು. ತೂಗುವುದಿಲ್ಲ, ಜರಡಿಯಿಲ್ಲ, ಧೂಳಿಲ್ಲ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಕೊನೆಯದೇ ದೊಡ್ಡ ಅನುಕೂಲ.

ಆದರೆ ಮಿಲಿಲೀಟರಿನ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ದುಬಾರಿ. ಹತ್ತು ಕಪ್ಪಿಗೆ ಸರಿ. ನಲವತ್ತು ತಟ್ಟೆಗೆ ಬಳಿಯುತ್ತ ಕೂತರೆ ಬಾಟಲಿಯೂ ಖಾಲಿ, ಸೊಂಟವೂ ಖಾಲಿ. ಒಳಗೇನಿದೆ ಎಂದು ಗೊತ್ತಿಲ್ಲದ ಕಾರಣ ಬಿರಿದರೆ ಸರಿಪಡಿಸಲೂ ಬರುವುದಿಲ್ಲ. ಲೇಬಲ್ಲಿನ ಮೇಲೆ ಊಟಕ್ಕೆ ಸುರಕ್ಷಿತ ಎಂದು ಬರೆದಿದ್ದರೂ ಅದು ಅವರು ಹೇಳಿದ ಕೋನ್‌ಗೆ ಸರಿಯಾಗಿ ಸುಟ್ಟಾಗ ಮಾತ್ರದ ಮಾತು. (ಕೋನ್ ಎಂದರೆ ಗೊತ್ತಾದಷ್ಟು ಶಾಖ ಹೀರಿದಾಗ ಬಾಗುವ ಪುಟ್ಟ ಮೊನೆ; ಅದರ ನಂಬರೇ ಶಾಖದ ಅಳತೆ.) ನಿಮ್ಮ ಮಣ್ಣಿಗೆ ಕೂರುತ್ತದೆಯೇ ಎಂಬುದಕ್ಕೆ ಯಾವ ಕಂಪನಿಯೂ ಜಾಮೀನು ಕೊಡುವುದಿಲ್ಲ.

ಇದನ್ನು ಪರೀಕ್ಷಿಸುವಾಗ ಒಂದೇ ಬಿಲ್ಲೆಯಲ್ಲಿ ಒಂದು, ಎರಡು, ಮೂರು ಕೋಟ್ ಮೆಟ್ಟಿಲು ಮೆಟ್ಟಿಲಾಗಿ ಬಳಿಯಿರಿ. ಬಾಟಲಿ ಗ್ಲೇಜಿನ ನಿರಾಸೆಯಲ್ಲಿ ಅರ್ಧ ದಪ್ಪದ ತಪ್ಪಿನಿಂದ ಬರುವಂಥದ್ದು.

ಇದರ ತಮ್ಮ ಎನ್ನಬಹುದಾದದ್ದು ಒಣಪುಡಿಯಾಗಿ ಸಿಗುವ ಸಿದ್ಧ ಗ್ಲೇಜ್. ನೀರು ಹಾಕಿ, ಜರಡಿ ಹಿಡಿದು, ಬಕೆಟ್ಟಿನಲ್ಲಿ ಅದ್ದುವುದು. ಹೋಮ್‌ಸ್ಟೇ ಆರ್ಡರ್ ಇರುವವರಿಗೆ, ರಸಾಯನದ ತಲೆನೋವು ಬೇಡದವರಿಗೆ ನಾನು ಕಣ್ಣುಮುಚ್ಚಿ ಹೇಳುವುದು ಇದನ್ನೇ. ನೀರಿನ ಹದ ಮಾತ್ರ ಕೈಯಂದಾಜಿಗೆ ಬಿಡಬೇಡಿ. ನೂರು ಮಿಲಿ ಗ್ಲೇಜ್ ಅಳೆದು ತೂಗಿ. 145 ಗ್ರಾಂ ಬಂದರೆ ಸಾಂದ್ರತೆ 1.45. ಅದ್ದುವ ಗ್ಲೇಜಿಗೆ ಸಾಧಾರಣವಾಗಿ 1.4ರಿಂದ 1.5ರ ನಡುವೆ ಎಲ್ಲೋ ನಿಮ್ಮ ಹದ ಸಿಗುತ್ತದೆ. ಸಿಕ್ಕ ಅಂಕಿಯನ್ನು ಬಕೆಟ್ಟಿನ ಮೇಲೇ ಬರೆದಿಡಿ.

ಸ್ವಂತ ಮಿಶ್ರಣ

ಇಲ್ಲಿ ದುಡ್ಡು ಮೊದಲು ಹೋಗುತ್ತದೆ, ಆಮೇಲೆ ಉಳಿಯುತ್ತದೆ. ಫೆಲ್ಡ್‌ಸ್ಪಾರ್, ಕ್ವಾರ್ಟ್ಜ್, ವೈಟಿಂಗ್ (ಸುಣ್ಣಕಲ್ಲಿನ ಬಿಳಿ ಪುಡಿ), ಚೈನಾ ಕ್ಲೇ ಈ ನಾಲ್ಕು ಚೀಲ ಬಂದರೆ ಅರ್ಧ ಅಂಗಡಿ ಬಂದ ಹಾಗೆ. ಇವನ್ನು ಕ್ರಮವಾಗಿ 40, 30, 20, 10 ಭಾಗ ಕಲಸಿದರೆ ಕೋನ್ 10ಕ್ಕೆ, ಅಂದರೆ 1285ರಿಂದ 1300 ಡಿಗ್ರಿ ಆಸುಪಾಸಿಗೆ ಕರಗುವ ಒಂದು ಪಾರದರ್ಶಕ ಗ್ಲೇಜ್ ಆಗುತ್ತದೆ. ಸ್ಟೋನ್‌ವೇರ್ ಮಾಡುವವರ ಬಾಯಿಪಾಠ ಅದು. ನಮ್ಮಲ್ಲಿ ಹೆಚ್ಚಿನವರು ಸುಡುವುದು ಕೋನ್ 6ಕ್ಕೆ, ಶಾಖ ಏರುವ ವೇಗ ನೋಡಿಕೊಂಡು 1220ರಿಂದ 1240 ಡಿಗ್ರಿಗೆ. ಅಷ್ಟಕ್ಕೆ ಕರಗಬೇಕಾದರೆ ಬೋರಾನ್ ಇರುವ ಫ್ರಿಟ್, ಅಂದರೆ ಮೊದಲೇ ಕರಗಿಸಿ ಪುಡಿ ಮಾಡಿದ ಗಾಜು, ಕೂಡ ಬೇಕು.

ಜೊತೆಗೆ ದಶಮಾಂಶ ತೋರಿಸುವ ತಕ್ಕಡಿ, 80 ಮೆಶ್ ಜರಡಿ, ಒಳ್ಳೆಯ ಎನ್95 ಮಾಸ್ಕ್. ಮಾಸ್ಕಿನ ವಿಷಯದಲ್ಲಿ ಉಡಾಫೆ ಬೇಡ. ಕ್ವಾರ್ಟ್ಜ್ ಧೂಳು ಶ್ವಾಸಕೋಶಕ್ಕೆ ಇಳಿದರೆ ಹೊರಬರುವುದಿಲ್ಲ. ಕಲಸಿದ ಜಾಗವನ್ನು ಗುಡಿಸಲೂಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಪರೀಕ್ಷೆಗೆ ಇಲ್ಲಿ ಮೂರು ಬಗೆ. ಎಲ್ಲಿಂದಲೋ ಸಿಕ್ಕ ರೆಸಿಪಿಯನ್ನು ನೂರು ಗ್ರಾಂ ಕಲಸಿ ಒಂದು ಬಿಲ್ಲೆಗೆ ಹಾಕಿ ನೋಡುವುದು ಒಂದು. ಎಲ್ಲರೂ ಮಾಡುವುದು ಇದನ್ನೇ, ಕಲಿಯುವುದು ಅತಿ ಕಡಿಮೆ ಇದರಿಂದಲೇ. ಚೆನ್ನಾಗಿ ಬಂದರೆ ಏಕೆ ಬಂತು ಗೊತ್ತಾಗುವುದಿಲ್ಲ, ಕೆಟ್ಟರೆ ಏಕೆ ಕೆಟ್ಟಿತು ಗೊತ್ತಾಗುವುದಿಲ್ಲ.

ಎರಡನೆಯದು ಲೈನ್ ಬ್ಲೆಂಡ್. ಅ ಒಂದು ತುದಿ, ಆ ಇನ್ನೊಂದು ತುದಿ, ನಡುವೆ ಮೆಟ್ಟಿಲುಗಳು. ನನ್ನ ಬಿರುಕು ತಟ್ಟೆಯ ಗ್ಲೇಜಿಗೆ ಮಾಡಿದ್ದು ಇದನ್ನೇ. ಅ ಎಂದರೆ ಇದ್ದ ಗ್ಲೇಜ್, ಆ ಎಂದರೆ ಅದಕ್ಕೇ ನೂರಕ್ಕೆ ಇಪ್ಪತ್ತರಷ್ಟು ಕ್ವಾರ್ಟ್ಜ್ ಹೆಚ್ಚು ಸೇರಿಸಿದ್ದು. ಕ್ವಾರ್ಟ್ಜ್ ಎಂದರೆ ಸಿಲಿಕಾ, ಅದು ಹೆಚ್ಚಾದರೆ ಗಾಜಿನ ಕುಗ್ಗುವಿಕೆ ಕಡಿಮೆಯಾಗುತ್ತದೆ. ಎರಡನ್ನೂ ಒಂದೇ ಸಾಂದ್ರತೆಗೆ ತಂದು, ಮೆಡಿಕಲ್ ಶಾಪಿನ ಸಿರಿಂಜಿನಲ್ಲಿ ಐದೈದು ಮಿಲಿ ಎಳೆದು ಆರು ಕಪ್ಪು ಮಾಡಿದೆ. ಮೊದಲನೆಯದರಲ್ಲಿ ಐದು ಸಿರಿಂಜ್ ಅ, ಎರಡನೆಯದರಲ್ಲಿ ನಾಲ್ಕು ಅ ಮತ್ತು ಒಂದು ಆ, ಹೀಗೆ ಕೊನೆಯದರಲ್ಲಿ ಐದೂ ಆ. ಒಟ್ಟು ಬೇಕಾದದ್ದು ಒಂದೊಂದು ತುದಿಯಿಂದ 75 ಮಿಲಿ ಮಾತ್ರ. ಸುಟ್ಟು ತೆಗೆದಾಗ ನಾಲ್ಕನೆಯ ಬಿಲ್ಲೆಯಿಂದ ಆಚೆಗೆ ಬಿರುಕಿಲ್ಲ, ಆರನೆಯದರಲ್ಲಿ ಹೊಳಪು ಸತ್ತಿತ್ತು. ಆರು ಬಿಲ್ಲೆ, ಒಂದು ಫೈರಿಂಗ್, ಖಚಿತ ಉತ್ತರ. ಬಜೆಟ್ ಸಣ್ಣದಿದ್ದು ತಲೆ ಚುರುಕಾಗಿರುವವರಿಗೆ ಇದಕ್ಕಿಂತ ಲಾಭದ ದಾರಿ ನನಗೆ ಕಂಡಿಲ್ಲ. ಬಣ್ಣದ ಆಕ್ಸೈಡ್‌ಗೂ ಇದೇ ಕ್ರಮ. ಕೋಬಾಲ್ಟ್ ನೂರಕ್ಕೆ ಅರ್ಧ ಒಂದು ಭಾಗದಲ್ಲೇ ಗಾಢ ನೀಲಿ ಕೊಡುತ್ತದೆ, ಕಬ್ಬಿಣದ ಆಕ್ಸೈಡ್ ಎಂಟು ಹತ್ತು ಭಾಗ ಹೋದರೆ ಕಡುಕಪ್ಪು ಕಂದು. ಕೋಬಾಲ್ಟಿನ ಬೆಲೆ ಕೇಳಿದ ಮೇಲೆ ಯಾರೂ ಅಂದಾಜಿನಲ್ಲಿ ಸುರಿಯುವುದಿಲ್ಲ.

ಮೂರನೆಯದು ತ್ರಿಕೋನ. ಮೂರು ಮೂಲೆಗೆ ಮೂರು ವಸ್ತು, ಶೇಕಡ 20ರ ಮೆಟ್ಟಿಲಿಟ್ಟರೆ 21 ಬಿಲ್ಲೆ. ಐದು ಮಿಲಿ ಸಿರಿಂಜಿನಲ್ಲಿ ಪ್ರತಿ ಮೂಲೆಗೆ 175 ಮಿಲಿ. ಇನ್ನೂ ದೊಡ್ಡದು ಆಸ್ಟ್ರೇಲಿಯಾದ ಇಯಾನ್ ಕರಿ ರೂಢಿಗೆ ತಂದ 35 ಬಿಲ್ಲೆಯ ಚೌಕಳಿ. ಒಂದು ದಿಕ್ಕಿಗೆ ಅಲ್ಯುಮಿನಾ, ಇನ್ನೊಂದಕ್ಕೆ ಸಿಲಿಕಾ ಏರುತ್ತ ಹೋಗುವ ನಕ್ಷೆ. ಮ್ಯಾಟ್ ಎಲ್ಲಿ, ಹೊಳಪು ಎಲ್ಲಿ, ಬಿರುಕು ಎಲ್ಲಿ ಎಂದು ಒಂದೇ ನೋಟಕ್ಕೆ ಕಾಣುತ್ತದೆ. ಇದು ಕಲಿಯಬೇಕೆಂಬ ಹಸಿವು ಇರುವವರಿಗೆ. ಮುಂದಿನ ತಿಂಗಳು ಡೆಲಿವರಿ ಕೊಡಬೇಕಾದವರು ಇದಕ್ಕೆ ಕೈ ಹಾಕಬೇಡಿ. ನಾನು ಹಾಕಿ, ಆರ್ಡರ್ ಬಿಟ್ಟು ಮೂರು ವಾರ ಬಿಲ್ಲೆ ನೋಡುತ್ತ ಕೂತಿದ್ದೆ.

ತೋಟದ ಬೂದಿ, ಗದ್ದೆಯ ಮಣ್ಣು

ಕೊಡಗಿನಲ್ಲಿ ಕೂತು ಈ ಆಸೆ ಬಾರದಿದ್ದರೆ ಆಶ್ಚರ್ಯ. ಸವರಿ ತೆಗೆದ ಕಾಫಿ ಕಡ್ಡಿ, ಸಿಲ್ವರ್ ಓಕ್ ಕೊಂಬೆ, ಹಲ್ಲಿಂಗಿನಲ್ಲಿ ಉಳಿದ ಕಾಫಿ ಹೊಟ್ಟು, ಭತ್ತದ ಹೊಟ್ಟು. ಬಚ್ಚಲ ಹಂಡೆ ಒಲೆಯಲ್ಲಿ ದಿನಾ ಬೂದಿ ಬೀಳುತ್ತದೆ. ಖರ್ಚು ಸೊನ್ನೆ ಅನಿಸುತ್ತದೆ. ಆದರೆ ಇವೆಲ್ಲ ಬೂದಿ ಎಂಬ ಒಂದೇ ಹೆಸರಿನ ಬೇರೆ ಬೇರೆ ವಸ್ತುಗಳು.

ಮರದ ಬೂದಿಯಲ್ಲಿ ಸುಣ್ಣದ ಅಂಶವೇ ದೊಡ್ಡದು. ಗ್ಲೇಜನ್ನು ಕರಗಿಸುವುದು, ಹರಿಸುವುದು ಅದರ ಕೆಲಸ. ಭತ್ತದ ಹೊಟ್ಟಿನ ಬೂದಿ ಅದರ ತದ್ವಿರುದ್ಧ. ಚೆನ್ನಾಗಿ ಬೆಂದದ್ದಾದರೆ ನೂರಕ್ಕೆ ತೊಂಬತ್ತರ ಆಸುಪಾಸು ಸಿಲಿಕಾ, ಅಂದರೆ ತಾನಾಗಿ ಕರಗದು. ಜಪಾನಿನವರು ನುಕಾ ಎನ್ನುವ ಹಾಲುಬಿಳಿ ಗ್ಲೇಜ್ ಇದರಿಂದಲೇ. ಕಾಫಿ ಹೊಟ್ಟಿನ ಬೂದಿಯಲ್ಲಿ ಪೊಟ್ಯಾಶ್ ಹೆಚ್ಚು, ಅದು ನೀರಿಗೆ ಬಿಟ್ಟುಕೊಳ್ಳುತ್ತದೆ. ತೊಳೆಯದೆ ಕಲಸಿಟ್ಟರೆ ಬಕೆಟ್ಟಿನಲ್ಲಿ ದಿನಕ್ಕೊಂದು ಹದ. ತೊಳೆದರೆ ಗುಣ ಬದಲು. ಹಾಗಾಗಿ ತೊಳೆದದ್ದು, ತೊಳೆಯದ್ದು ಎಂದು ಎರಡು ಬಿಲ್ಲೆ ಮಾಡಲೇಬೇಕು. ತೊಳೆಯುವಾಗ ನೀರು ಕೈಗೆ ಸೋಪಿನಂತೆ ಜಾರುತ್ತದೆ. ಅದು ಕ್ಷಾರ, ಚರ್ಮ ಸುಡುತ್ತದೆ, ಗ್ಲೌಸ್ ಹಾಕಿ.

ಕೋನ್ 10ಕ್ಕೆ ಮರದ ಬೂದಿ 40, ಫೆಲ್ಡ್‌ಸ್ಪಾರ್ 40, ಬಾಲ್ ಕ್ಲೇ 20 ಎಂಬುದು ಹಳೆಯ ನಂಬಿಕಸ್ಥ ಆರಂಭ. ಕೋನ್ 6ಕ್ಕೆ ಅಷ್ಟೇ ಕಲಸಿದರೆ ಮಂಜು ಕವಿದ ಬೆಟ್ಟದ ಹಾಗೆ ಒರಟಾಗಿ ಕೂರುತ್ತದೆ, ಫ್ರಿಟ್ ಸೇರಿಸಿ ಲೈನ್ ಬ್ಲೆಂಡ್ ಮಾಡಬೇಕು. ಗದ್ದೆಯ ಕೆಂಪು ಕಂದು ಮಣ್ಣಿಗೂ ಇದೇ ಮಾತು. ಮೊದಲು ಹೆಬ್ಬೆರಳಿನಷ್ಟು ಉಂಡೆಯನ್ನು ಒಂದು ಪುಟ್ಟ ಮಣ್ಣಿನ ಬಟ್ಟಲಿನಲ್ಲಿಟ್ಟು ಸುಡಿ. ಉಂಡೆ ಉಂಡೆಯಾಗೇ ಉಳಿದರೆ ಒಂದು ಸುದ್ದಿ, ಕರಗಿ ಜೇನಿನಂತೆ ನಿಂತರೆ ಇನ್ನೊಂದು.

ಬೆಲೆಯಿಲ್ಲದ ಈ ಸಾಮಗ್ರಿಯ ಬೆಲೆ ಬೇರೆ ಕಡೆ ತೆರಬೇಕು. ಇವತ್ತಿನ ಹಂಡೆ ಒಲೆಯ ಬೂದಿಗೂ ಮುಂದಿನ ತಿಂಗಳದ್ದಕ್ಕೂ ಹೊಂದಿಕೆಯಿಲ್ಲ. ಯಾರೋ ಒಲೆಗೆ ಪ್ಲಾಸ್ಟಿಕ್ ಹಾಕಿದ್ದರೆ, ಪೇಂಟ್ ಹತ್ತಿದ ಕಿಟಕಿ ಚೌಕಟ್ಟು ಹಾಕಿದ್ದರೆ ಅದರ ವಿಷವೂ ಬೂದಿಯಲ್ಲೇ. ಊಟದ ತಟ್ಟೆಯ ಸೆಟ್ಟಿಗೆ ನಾನು ಬೂದಿ ಗ್ಲೇಜ್ ಬಳಸುವುದಿಲ್ಲ. ಹೂದಾನಿ, ದೀಪ, ತಟ್ಟೆಯ ಹೊರಮೈ, ಇವಕ್ಕೆ ಬೂದಿ ಕೊಡುವ ಹೊಳೆ ಹರಿದಂಥ ಗೆರೆಗಳನ್ನು ಯಾವ ಬಾಟಲಿಯೂ ಕೊಡಲಾರದು. ಬಳಸುವುದೇ ಆದರೆ ಒಂದು ಇಡೀ ಡ್ರಮ್ ಬೂದಿ ಒಟ್ಟು ಮಾಡಿ, ತೊಳೆದು, ಜರಡಿ ಹಿಡಿದು, ಬೆರೆಸಿ, ಅದು ಮುಗಿಯುವವರೆಗೆ ಅದೊಂದೇ.

ಯಾವುದರ ಮೇಲೆ ಹಚ್ಚುವುದು

ಚಪ್ಪಟೆ ಬಿಲ್ಲೆ ಮಾಡುವುದು ಸುಲಭ, ಗೋಡೆಗೆ ನೇತುಹಾಕುವುದೂ ಸುಲಭ. ಆದರೆ ಮಲಗಿಸಿ ಸುಟ್ಟ ಬಿಲ್ಲೆಯ ಮೇಲೆ ಯಾವ ಗ್ಲೇಜೂ ಹರಿಯುವುದಿಲ್ಲ, ಆದ್ದರಿಂದ ಅದು ಹೇಳುವುದು ಅರ್ಧ ಸತ್ಯ. ಬಣ್ಣ ಮಾತ್ರ ನೋಡುವುದಕ್ಕೆ ಸಾಕು. ನಾನು ತಿಗರಿಯಲ್ಲಿ ತಳವಿಲ್ಲದ ಗಿಡ್ಡ ಕೊಳವೆ ಎತ್ತಿ, ಬುಡದಲ್ಲಿ ಅಂಚು ಬಿಟ್ಟು, ಚೂರು ಚೂರು ಕತ್ತರಿಸುತ್ತೇನೆ. ಹದಿನೈದು ಸೆಂಟಿಮೀಟರ್ ಅಗಲದ ಒಂದು ಬಳೆಯಿಂದ ಮೂರು ಸೆಂಟಿಮೀಟರಿನ ಹದಿನೈದು ಬಿಲ್ಲೆ ಸಿಗುತ್ತವೆ, ಎಲ್ಲವೂ ತಾವಾಗಿ ನಿಲ್ಲುತ್ತವೆ. ಕತ್ತರಿಸುವ ಮೊದಲು ಬಾಚಣಿಗೆಯಲ್ಲಿ ನಾಲ್ಕು ಗೆರೆ ಎಳೆಯಿರಿ, ಗ್ಲೇಜ್ ಅಂಚಿನಲ್ಲಿ ತೆಳುವಾಗುವುದು, ಗುಂಡಿಯಲ್ಲಿ ನಿಲ್ಲುವುದು ಅಲ್ಲೇ ಕಾಣುವುದು. ಮೇಲರ್ಧ ಎರಡು ಸಲ ಅದ್ದಿ, ಬುಡದ ಒಂದು ಸೆಂಟಿಮೀಟರ್ ಖಾಲಿ ಬಿಡಿ. ಅನುಮಾನದ ಗ್ಲೇಜಾದರೆ ಹರಿದದ್ದನ್ನು ಹಿಡಿಯಲು ಬಿಲ್ಲೆಯ ಕೆಳಗೆ ಮಣ್ಣಿನದೇ ಒಂದು ಬಿಸ್ಕತ್ತು.

ನಂಬರನ್ನು ಪೆನ್ಸಿಲಿನಲ್ಲಿ ಬರೆಯಬೇಡಿ, ಸುಟ್ಟುಹೋಗುತ್ತದೆ. ಕಬ್ಬಿಣದ ಆಕ್ಸೈಡ್ ನೀರಿನಲ್ಲಿ ಕದಡಿ ಸಣ್ಣ ಬ್ರಷ್ಷಿನಲ್ಲಿ ಬರೆಯಿರಿ. ಬಿಲ್ಲೆ ಗೆದ್ದ ಗ್ಲೇಜಿಗೆ ಎರಡನೆಯ ಸುತ್ತು ಪುಟ್ಟ ಬಟ್ಟಲು. ಒಳಮೈ ತಳದಲ್ಲಿ ಗ್ಲೇಜ್ ಕೊಳವಾಗಿ ನಿಲ್ಲುವ ಕಡೆಯೇ ಬಿರುಕು ಮೊದಲು ಬರುವುದು.

ಎಲ್ಲಿ ಸುಡುವುದು

ಪುಟ್ಟ ಟೆಸ್ಟ್ ಕಿಲ್ನ್ ಇದ್ದರೆ ಸಂಜೆ ಹಾಕಿ ಬೆಳಿಗ್ಗೆ ನೋಡಬಹುದು. 3 ಕಿಲೋವ್ಯಾಟಿನದು ಎಂಟು ಗಂಟೆ ಬಿಡದೆ ಎಳೆದರೂ 24 ಯೂನಿಟ್ಟಿಗಿಂತ ಹೆಚ್ಚಾಗದು. ನಿಮ್ಮ ಬಿಲ್ಲಿನ ದರಕ್ಕೆ ಗುಣಿಸಿಕೊಳ್ಳಿ. ಅದರ ಮೋಸ ಇರುವುದು ತಣಿಯುವುದರಲ್ಲಿ. ಪುಟ್ಟ ಕಿಲ್ನ್ ಬೇಗ ತಣಿಯುತ್ತದೆ. ಮ್ಯಾಟ್ ಗ್ಲೇಜಿಗೆ ಹರಳು ಕಟ್ಟಲು ನಿಧಾನ ತಣಿವು ಬೇಕು. ಚಿಕ್ಕದರಲ್ಲಿ ಹೊಳೆದದ್ದು ದೊಡ್ಡದರಲ್ಲಿ ಮಂಕಾಗಿ ಬಂದರೆ ಬೇಸರ ಬೇಡ, ಚಿಕ್ಕದಕ್ಕೇ 1100ರಿಂದ 800 ಡಿಗ್ರಿವರೆಗೆ ಗಂಟೆಗೆ 60-70 ಡಿಗ್ರಿಯಂತೆ ಇಳಿಸುವ ಪ್ರೋಗ್ರಾಂ ಹಾಕಿ ನೋಡಿ.

ದೊಡ್ಡ ಕಿಲ್ನ್ ಒಂದೇ ಇರುವವರು ಪ್ರತಿ ಲೋಡಿನ ಸಂದುಗೊಂದಿಯಲ್ಲಿ ಐದಾರು ಬಿಲ್ಲೆ ತೂರಿಸಿ. ಖರ್ಚಿಲ್ಲ, ಉತ್ತರವೂ ನಿಜವಾದದ್ದು, ಆದರೆ ಲೋಡ್ ತುಂಬುವವರೆಗೆ ಕಾಯಬೇಕು. ಮೈಸೂರಿಗೆ ಒಯ್ದು ಬಾಡಿಗೆಗೆ ಸುಡಿಸುವವರು ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ಕುಲುಕಾಟಕ್ಕೆ ಗ್ಲೇಜಿಗೆ ಸ್ವಲ್ಪ ಅಂಟು ಸೇರಿಸಿ. ಇಲ್ಲದಿದ್ದರೆ ಹುಣಸೂರು ದಾಟುವಾಗ ಅರ್ಧ ಗ್ಲೇಜ್ ಪೆಟ್ಟಿಗೆಯ ತಳದಲ್ಲಿ. ಹರಿಯುವ ಬೂದಿ ಗ್ಲೇಜನ್ನು ಇನ್ನೊಬ್ಬರ ಶೆಲ್ಫಿಗೆ ಹೇಳದೆ ಇಡುವುದು ಸ್ನೇಹ ಮುರಿಯುವ ಕೆಲಸ.

ಎಲ್ಲೇ ಸುಡಿ, ಒಳಗೆ 5, 6, 7ರ ಮೂರು ಕೋನ್ ನಿಲ್ಲಿಸಿ. ಕಕ್ಕಡದ ಒಂದು ರಾತ್ರಿ 1150ರಲ್ಲಿ ಕರೆಂಟ್ ಹೋಗಿ, ಎರಡು ಗಂಟೆ ಬಿಟ್ಟು ಬಂದು, ಮತ್ತೆ ಏರಿ, ಕಂಟ್ರೋಲರ್ ಮಾತ್ರ ಎಲ್ಲ ಸರಿಯಾಗಿದೆ ಎಂದು ತೋರಿಸುತ್ತಿತ್ತು. ಬೆಳಿಗ್ಗೆ 7ರ ಕೋನ್ ಕೂಡ ಪೂರ್ತಿ ಬಾಗಿ ಮಲಗಿತ್ತು. ಆ ಲೋಡಿನ ಬಿಲ್ಲೆಗಳನ್ನು ನಂಬಿದ್ದರೆ ಇನ್ನೊಂದು ಹದಿನಾಲ್ಕು ತಟ್ಟೆ ಹೋಗುತ್ತಿತ್ತು.

ಅಡುಗೆಮನೆಯ ಪರೀಕ್ಷೆ

ಬಿಲ್ಲೆಯ ಅರ್ಧ ಭಾಗ ಬಿಳಿ ವಿನೆಗರಿನಲ್ಲಿ ಒಂದು ದಿನ ಮುಳುಗಿರಲಿ. ಬಣ್ಣ ಬಿಟ್ಟರೆ, ಹೊಳಪು ಇಳಿದರೆ ಆ ಗ್ಲೇಜ್ ಊಟಕ್ಕಲ್ಲ. ತಾಮ್ರ ಹೆಚ್ಚು ಹಾಕಿದ ಹಸಿರುಗಳು ಇಲ್ಲೇ ಸೋಲುವುದು. ಬಿರುಕು ನೋಡಲು ಕುದಿನೀರಿನಲ್ಲಿ ಮೂರು ನಿಮಿಷ, ತಕ್ಷಣ ಐಸ್ ನೀರಿಗೆ, ಹೀಗೆ ಐದಾರು ಸಲ. ಆಮೇಲೆ ಮೇಲೊಂದು ಹನಿ ಕಾಚಂಪುಳಿ ಸವರಿ ಒರೆಸಿ. ಗೆರೆ ಇದ್ದರೆ ಅದು ಬಚ್ಚಿಡುವುದಿಲ್ಲ, ನನಗಂತೂ ಇಂಕಿಗಿಂತ ಅದರ ಮೇಲೇ ಭರವಸೆ. ಸೀಸ, ಕ್ಯಾಡ್ಮಿಯಂ ಇರುವುದನ್ನು ಊಟದ ಪಾತ್ರೆಗೆ ತರಲೇಬೇಡಿ. ಮಾರುವವರು ಲ್ಯಾಬಿನಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ. ಅವರು ಬಳಸುವುದೂ ಶೇಕಡ 4ರ ಅಸಿಟಿಕ್ ಆಮ್ಲ, 24 ಗಂಟೆ, ಆದರೆ ಎಷ್ಟು ಬಿಟ್ಟಿತು ಎಂದು ಅಳೆದು ಹೇಳುತ್ತಾರೆ. ಮನೆಯ ವಿನೆಗರಿಗೆ ಅದು ಬರುವುದಿಲ್ಲ.

ಇಷ್ಟಾದ ಮೇಲೆ ನನ್ನ ಪಾಲು ಹಂಚಿಕೆ. ಬಿಡುವಿನಲ್ಲಿ ಮಾಡುವವರು, ವರ್ಷಕ್ಕೆ ಐವತ್ತು ಪಾತ್ರೆಯ ಒಳಗಿರುವವರು ಎರಡೇ ಎರಡು ಬಾಟಲಿ ಕೊಂಡು, ಅವನ್ನು ನಿಮ್ಮ ಮಣ್ಣಿನ ಮೇಲೆ ಪೂರ್ತಿ ಅರಿತುಕೊಳ್ಳಿ. ಹತ್ತು ಬಾಟಲಿ ಬೇಡ. ಆರ್ಡರ್ ಇರುವವರಿಗೆ ಒಣಪುಡಿ, ಒಂದೇ ಮಣ್ಣು, ನಿಲ್ಲುವ ಬಿಲ್ಲೆ, ಆಮೇಲೆ ಬಟ್ಟಲು; ಮುಂಗಡ ತೆಗೆದುಕೊಳ್ಳುವ ಮೊದಲೇ ಒಂದು ತಿಂಗಳು ಕೈಯಲ್ಲಿಟ್ಟುಕೊಳ್ಳಿ. ಎರಡು ವರ್ಷ ಇದರಲ್ಲೇ ಇರುತ್ತೇನೆ ಎಂದು ಗೊತ್ತಿರುವವರು ಬಾಟಲಿಯ ದುಡ್ಡನ್ನು ತಕ್ಕಡಿಗೆ ಹಾಕಿ, ಲೈನ್ ಬ್ಲೆಂಡಿನಿಂದ ಶುರುಮಾಡಿ. ಬೂದಿಯವರು ಹೇಗೂ ನನ್ನ ಮಾತು ಕೇಳುವುದಿಲ್ಲ. ಅವರಿಗೆ ಒಂದೇ ವಿನಂತಿ, ಯಾವ ಒಲೆ, ಯಾವ ತಿಂಗಳು, ಯಾವ ಮರ ಎಂದು ಡಬ್ಬಿಯ ಮೇಲೆ ಬರೆಯಿರಿ.

ಆ ಹೋಮ್‌ಸ್ಟೇ ಅಕ್ಕನಿಗೆ ನಾಲ್ಕನೆಯ ಬಿಲ್ಲೆಯ ಗ್ಲೇಜಿನಲ್ಲಿ ಹೊಸ ತಟ್ಟೆ ಮಾಡಿದ್ದೇನೆ, ಈ ಸಲ ಎರಡೇ. ದಿನಾ ಬಳಸಿ, ಪುತ್ತರಿ ಹಬ್ಬ ಕಳೆದ ಮೇಲೆ ಹೇಳಿ ಎಂದಿದ್ದೇನೆ. ಉಳಿದ ಹನ್ನೆರಡರ ಮಣ್ಣು ಚೀಲದಲ್ಲೇ ಇದೆ.